ನಾಯಿ ಮಾಡಿದ ಪಾಪ

"ಏನೂ ಮಾಡಲ್ಲ, ಬನ್ನಿ." ನಾಯಿ ಸಾಕಿದವರ ಬಾಯಲ್ಲಿ ದಿನಕ್ಕೊಮ್ಮೆಯಾದರೂ ಬರುವ ಮಾತು ಇದು. ಚೆನ್ನೈಯಲ್ಲಿ ಇದನ್ನೇ "ಒಣ್ಣುಂ ಪಣ್ಣಾದು" ಎನ್ನುತ್ತಾರೆ. ಭಾಷೆ ಬೇರೆ, ಧಾಟಿ ಒಂದೇ. ಎದುರಿಗೆ ಬರುತ್ತಿದ್ದವರು ನಾಯಿಯನ್ನು ಕಂಡು ಹೆಜ್ಜೆ ತಡೆಯುತ್ತಾರೆ. ಸರಪಳಿ ಹಿಡಿದವರು ನಗುತ್ತ ಈ ಮಾತು ಹೇಳುತ್ತಾರೆ. ನಿಂತವರು ಉಸಿರು ಬಿಗಿಹಿಡಿದು, ಮೈ ಸಣ್ಣ ಮಾಡಿಕೊಂಡು, ದಾರಿಯ ಅಂಚಿನಲ್ಲಿ ದಾಟಿಹೋಗುತ್ತಾರೆ. ಬಹುಪಾಲು ಸಲ ನಾಯಿ ನಿಜಕ್ಕೂ ಏನೂ ಮಾಡುವುದಿಲ್ಲ. ಹಾಗಾಗಿ ಆ ಮಾತು ಸುಳ್ಳಲ್ಲ. ಆದರೂ ಅದರಲ್ಲಿ ಏನೋ ಸರಿಯಿಲ್ಲ ಎಂದು ನನಗೆ ಬಹಳ ದಿನಗಳಿಂದ ಅನ್ನಿಸುತ್ತಿದೆ. ನಿಜವಾದ ಮಾತೊಂದು ಅನ್ಯಾಯದ ಮಾತೂ ಆಗುವುದು ಹೇಗೆ?

ನಾನೂ ನಾಯಿಯೊಂದಿಗೆ ನಡೆಯುವವನು. ಚೆನ್ನೈಯ ದಕ್ಷಿಣಕ್ಕೆ, ತಾಂಬರಂ ಪಕ್ಕದ ಸೆಂಬಾಕ್ಕಂ ಕೆರೆಯ ದಂಡೆ ನಮ್ಮ ಬೆಳಗಿನ ದಾರಿ. ನಾಯಿಯ ಹೆಸರು ಕೆಂಚ. ಇದೇ ಊರಿನ ಬೀದಿಯಲ್ಲಿ ಹುಟ್ಟಿದ ನಾಡನಾಯಿ. ಹೆಸರು ಕನ್ನಡದ್ದು, ತಿಳಿಯುವ ಮಾತುಗಳಲ್ಲಿ ಅರ್ಧ ತಮಿಳಿನವು. ಈ ಊರಿಗೆ ಬಂದ ಹೊಸತರಲ್ಲಿ ನನ್ನನ್ನು ಒಂದು ಪದ ಆಟವಾಡಿಸಿತ್ತು. ತಮಿಳರಿಗೆ 'ಏರಿ' ಎಂದರೆ ಕೆರೆ. ನಮಗೆ ಏರಿ ಎಂದರೆ ಕೆರೆಗೆ ಕಟ್ಟಿದ ಒಡ್ಡು. ಏರಿಯ ಮೇಲೆ ನಡೆದು ಬಂದೆ ಎಂದು ನಾನು ಹೇಳಿದರೆ ಪಕ್ಕದ ಮನೆಯವರು ನೀರಿನ ಮೇಲೆ ನಡೆದು ಬಂದವನನ್ನು ನೋಡುವಂತೆ ನೋಡುತ್ತಿದ್ದರು.

ಈ ಒಡ್ಡು ನಡೆಯುವವರಿಗಾಗಿ ಹುಟ್ಟಿದ್ದಲ್ಲ, ನೀರು ಹಿಡಿಯಲು ಹುಟ್ಟಿದ್ದು. ಹಿಂಗಾರು ಮಳೆಯಲ್ಲಿ ಸೆಂಬಾಕ್ಕಂ ತುಂಬಿದರೆ ನೀರು ನನ್ಮಂಗಲಂ, ಕೀಳ್ಕಟ್ಟಳೈ, ನಾರಾಯಣಪುರಂ ಕೆರೆಗಳ ಮೂಲಕ ಪಳ್ಳಿಕರಣೈ ಜವುಗಿಗೆ ಹೋಗುತ್ತದೆ. 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಪಳ್ಳಿಕರಣೈ ಇದೇ. ಒಂದು ಕೆರೆಯ ಹೆಚ್ಚಾದ ನೀರು ಮುಂದಿನ ಕೆರೆಗೆ. ಸರಣಿಯ ಕೆಲಸ ಅದು. ಹೂಳು, ಕೊಳಚೆ, ಒತ್ತುವರಿಗಳಿಂದ ಸೊರಗಿದ್ದ ಸೆಂಬಾಕ್ಕಂ ಕೆರೆಯನ್ನು ಇತ್ತೀಚಿನ ವರ್ಷಗಳಲ್ಲಿ ಮತ್ತೆ ಜೀವಕ್ಕೆ ತರುವ ಕೆಲಸ ನಡೆಯಿತು. ಈಗ ಹೆಜ್ಜಾರ್ಲೆಗಳು ಬರುತ್ತವೆ, ಗುಳುಮುಳುಕಗಳು ಮುಳುಗಿ ಏಳುತ್ತವೆ, ಜೊಂಡಿನ ನಡುವೆ ಜಂಬುಕೋಳಿಗಳು ಕಾಲೆತ್ತಿ ಕಾಲಿಟ್ಟು ನಡೆಯುತ್ತವೆ. ಜೊತೆಗೆ ನಾವೂ ಬರುತ್ತೇವೆ, ಬೂಟು ಹಾಕಿಕೊಂಡು, ನಾಯಿಗಳನ್ನು ಕರೆದುಕೊಂಡು.

ಆ ದಾರಿಯಲ್ಲಿ ನಡೆಯುವವರು ಎರಡು ಬಗೆ. ನಮ್ಮಂಥವರು ಸುತ್ತು ಹಾಕಲು ಬರುತ್ತೇವೆ, ಹೊರಟಲ್ಲಿಗೇ ಮರಳುತ್ತೇವೆ. ಇನ್ನು ಕೆಲವರು ದಾಟಲು ಬರುತ್ತಾರೆ. ಕೆರೆಯ ಒಂದು ಬದಿಯ ಮನೆಗಳಿಂದ ಇನ್ನೊಂದು ಬದಿಯ ಅಪಾರ್ಟ್‌ಮೆಂಟುಗಳಿಗೆ ಪಾತ್ರೆ ತೊಳೆಯಲು, ಅಡುಗೆ ಮಾಡಲು, ಗೇಟು ಕಾಯಲು ಹೋಗುವವರು. ಅವರಿಗೆ ಅದು ವಿಹಾರದ ದಾರಿಯಲ್ಲ, ಹತ್ತಿರದ ದಾರಿ. ಏರಿಯ ಒಂದು ಬದಿ ನೀರು, ಇನ್ನೊಂದು ಬದಿ ಇಳಿಜಾರು. ನಾಯಿ ಎದುರಾದಾಗ ಸರಿದು ನಿಲ್ಲಲು ರಸ್ತೆಯಲ್ಲಿದ್ದಷ್ಟು ಜಾಗ ಅಲ್ಲಿಲ್ಲ. ಯಾರಾದರೊಬ್ಬರು ದಾರಿ ಬಿಟ್ಟು ಇಳಿಯಬೇಕು. ಇಳಿಯುವವರು ಸಾಮಾನ್ಯವಾಗಿ ಯಾರು ಎಂಬುದನ್ನು ಗಮನಿಸಿದರೆ ನಾನು ಹೇಳಹೊರಟಿರುವ ಅರ್ಧ ಸಂಗತಿ ತಿಳಿದುಬಿಡುತ್ತದೆ. ಚಪ್ಪಲಿ ಹಾಕಿದವರು ಇಳಿಯುತ್ತಾರೆ, ಬೂಟು ಹಾಕಿದವರು ಮೇಲೇ ಇರುತ್ತಾರೆ.

"ಏನೂ ಮಾಡಲ್ಲ" ಎಂಬ ಮಾತನ್ನು ಸ್ವಲ್ಪ ಬಿಡಿಸಿ ನೋಡೋಣ. ಅದು ನಾಳೆಯ ಬಗ್ಗೆ ಕೊಟ್ಟ ಭರವಸೆಯಂತೆ ಕೇಳಿಸುತ್ತದೆ. ವಾಸ್ತವದಲ್ಲಿ ಅದು ನಿನ್ನೆಯ ವರದಿ: ಈ ತನಕ ಏನೂ ಮಾಡಿಲ್ಲ. ಆ ನಿನ್ನೆಗಳು ನನ್ನ ಹತ್ತಿರ ಇವೆ. ಕೆಂಚ ನಾಲ್ಕು ವರ್ಷ ನನ್ನ ಕಾಲ ಬಳಿ ಮಲಗಿದ್ದಾನೆ. ಅವನ ಚುಚ್ಚುಮದ್ದಿನ ಪುಸ್ತಕ ನನ್ನ ಕಪಾಟಿನಲ್ಲಿದೆ. ಅವನ ಬಾಲದ ಯಾವ ಅಲುಗಾಟಕ್ಕೆ ಯಾವ ಅರ್ಥ ಎಂಬುದು ನನಗೆ ಗೊತ್ತು. ಎದುರಿಗೆ ನಿಂತ ಹೆಂಗಸಿಗೆ ಇದಾವುದೂ ಗೊತ್ತಿಲ್ಲ. ನನಗೆ ನಾಲ್ಕು ವರ್ಷ ಹಿಡಿದ ನಂಬಿಕೆಯನ್ನು ಅವಳು ಎರಡು ನಿಮಿಷದಲ್ಲಿ, ಅದೂ ನನ್ನ ಮುಖ ನೋಡಿ, ಒಪ್ಪಿಕೊಳ್ಳಬೇಕು ಎಂದು ಆ ಮಾತು ಕೇಳುತ್ತದೆ.

ಲಾಭ ನಷ್ಟದ ಲೆಕ್ಕವೂ ಹೀಗೇ ಓರೆಯಾಗಿದೆ. ನಾಯಿಯಿಂದ ಬರುವ ಸಂತೋಷವೆಲ್ಲ ನನ್ನದು. ಆಕೆಗೆ ಅದರಿಂದ ಬರಬಹುದಾದದ್ದು ಅಪಾಯ ಮಾತ್ರ. ಸಣ್ಣದೇ ಇರಬಹುದು, ಆದರೂ ಅದರ ಜೊತೆಗೆ ಆಕೆಯ ಪಾಲಿಗೆ ಬೇರೇನೂ ಬರುವುದಿಲ್ಲ. ಹಾಗಿದ್ದೂ ಆ ಅಪಾಯ ಎಷ್ಟು ಸಣ್ಣದು ಎಂದು ಅಳೆದು ಹೇಳುವ ಅಧಿಕಾರವನ್ನು ಮಾತ್ರ ಲಾಭ ಪಡೆಯುವವನೇ ಇಟ್ಟುಕೊಂಡಿದ್ದಾನೆ.

ನಾಯಿಗೆ ಹೆದರುವವರನ್ನು ನಾವು ಸಾಮಾನ್ಯವಾಗಿ ತಿಳಿವಳಿಕೆ ಸಾಲದವರು ಎಂದುಕೊಳ್ಳುತ್ತೇವೆ. ಪ್ರೀತಿಸಲು ಕಲಿಯದವರು, ಪ್ರಾಣಿಗಳ ಭಾಷೆ ಬಾರದವರು. ನನಗೆ ಇದು ತಲೆಕೆಳಗಾದ ನೋಟ ಅನ್ನಿಸುತ್ತದೆ. ಭಯವೂ ಒಂದು ತಿಳಿವಳಿಕೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನ ರೇಬಿಸ್ ಸಾವುಗಳಲ್ಲಿ ಶೇಕಡಾ 36ರಷ್ಟು ಭಾರತದಲ್ಲಿ ಆಗುತ್ತವೆ. ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಇಲ್ಲವೆನ್ನುವಷ್ಟು ಅಪರೂಪ. ಕಚ್ಚಿಸಿಕೊಂಡವರು ನಾಲ್ಕೈದು ಸಲ ಆಸ್ಪತ್ರೆಗೆ ಹೋಗಬೇಕು. ತಿಂಗಳ ಸಂಬಳದವನಿಗೆ ಅದು ತೊಂದರೆ. ದಿನಗೂಲಿಯವಳಿಗೆ ಪ್ರತಿ ಸಲವೂ ಒಂದು ದಿನದ ಅನ್ನ. ನಸುಕಿನಲ್ಲಿ ಬೀದಿಗಿಳಿಯುವವರು ಹಾಲು ಹಾಕುವವರು, ಪೇಪರು ಹಾಕುವವರು, ಕಸ ಗುಡಿಸುವವರು. ಕಾರಿನಿಂದ ಲಿಫ್ಟಿಗೆ, ಲಿಫ್ಟಿನಿಂದ ಮನೆಗೆ ಹೋಗುವವನಿಗಿಂತ ಅವರಿಗೆ ಬೀದಿಯ ನಾಯಿಗಳ ಗುಣ ಚೆನ್ನಾಗಿ ಗೊತ್ತು. ಇದಕ್ಕೂ ಹಿಂದಿನ ನೆನಪುಗಳಿವೆ. ನಮ್ಮ ಹಳ್ಳಿಗಳ ದೊಡ್ಡ ಮನೆಗಳ ಅಂಗಳದಲ್ಲಿ ಕಟ್ಟಿದ ನಾಯಿ ಎಲ್ಲರಿಗೂ ಒಂದೇ ಥರ ಬೊಗಳುತ್ತಿರಲಿಲ್ಲ. ಯಾರಿಗೆ ಬೊಗಳಬೇಕು, ಯಾರಿಗೆ ಬಾಲ ಅಲ್ಲಾಡಿಸಬೇಕು ಎಂಬುದನ್ನು ಅದು ಮನೆಯವರಿಂದ ಕಲಿತಿರುತ್ತಿತ್ತು. ಗೇಟಿನ ಮೇಲಿನ 'ನಾಯಿ ಇದೆ ಎಚ್ಚರಿಕೆ' ಎಂಬ ಫಲಕ ನೆಂಟರಿಗಾಗಿ ಬರೆಸಿದ್ದಲ್ಲ.

2024ರ ಮೇ ತಿಂಗಳಲ್ಲಿ ಚೆನ್ನೈಯ ನುಂಗಂಬಾಕ್ಕಂ ಭಾಗದ ಪಾಲಿಕೆ ಉದ್ಯಾನವೊಂದರಲ್ಲಿ ಎರಡು ರಾಟ್‌ವೈಲರ್ ನಾಯಿಗಳು ಐದು ವರ್ಷದ ಹುಡುಗಿಯ ಮೇಲೆ ಬಿದ್ದು ತೀವ್ರವಾಗಿ ಗಾಯಗೊಳಿಸಿದವು. ಊರೆಲ್ಲ ತಳಿಯ ಬಗ್ಗೆ ಮಾತಾಡಿತು, ಪರವಾನಗಿಯ ಬಗ್ಗೆ ಮಾತಾಡಿತು. ನನ್ನ ಮನಸ್ಸಿನಲ್ಲಿ ಉಳಿದದ್ದು ಬೇರೆ. ಆ ಹುಡುಗಿಯ ತಂದೆ ಅದೇ ಉದ್ಯಾನವನ್ನು ನೋಡಿಕೊಳ್ಳುವ ಕೆಲಸದವರು. ಸಂಸಾರ ಅಲ್ಲೇ ವಾಸವಿತ್ತು. ಸುತ್ತಾಡಲು ಬಂದವರಿಗೆ ಉದ್ಯಾನವಾಗಿದ್ದ ಜಾಗ ಆ ಮಗುವಿಗೆ ಮನೆಯಂಗಳ. ಸಾರ್ವಜನಿಕ ಜಾಗ ಎಂದು ನಾವು ಕರೆಯುವ ಕಡೆಯೆಲ್ಲ ಇಂಥ ಯಾರಾದರೂ ಇರುತ್ತಾರೆ. ಅವರಿಗೆ 'ಬೇಡವಾದರೆ ಬರಬೇಡಿ' ಎನ್ನುವಂತಿಲ್ಲ. ಅವರು ಬಂದವರಲ್ಲ, ಇರುವವರು.

ಇಷ್ಟಾದ ಮೇಲೆ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಹೆದರುವವರ ಪರವಾಗಿ ಮಾತಾಡುವುದು ಸುಲಭ, ಏಕೆಂದರೆ ಅದರ ಬೆಲೆಯನ್ನು ನಾಯಿಗಳೇ ತೆರುತ್ತವೆ. ಈ ನಗರದಲ್ಲಿ ಬೀದಿನಾಯಿಗಳನ್ನು ಹಿಡಿದು ಕೊಲ್ಲುವುದೇ ಬಹುಕಾಲ ಪಾಲಿಕೆಯ ಕ್ರಮವಾಗಿತ್ತು. ಕ್ಯಾಪ್ಟನ್ ವಿ. ಸುಂದರಂ 1959ರಲ್ಲಿ ಇಲ್ಲಿ ಕಟ್ಟಿದ ಬ್ಲೂ ಕ್ರಾಸ್ ಸಂಸ್ಥೆ, ಕೊಲ್ಲುವ ಬದಲು ಸಂತಾನಹರಣ ಮಾಡಿ ಬಿಡಿ ಎಂದು 1960ರ ದಶಕದಿಂದಲೇ ಹೇಳುತ್ತ ಬಂತು. ಪಾಲಿಕೆ ಅದನ್ನು ಒಪ್ಪಿದ್ದು 1990ರ ದಶಕದ ನಡುವಿನಲ್ಲಿ. ದೇಶಕ್ಕೆಲ್ಲ ನಿಯಮವಾದದ್ದು 2001ರಲ್ಲಿ. ಆದರೂ ಹಳೆಯ ಆಸೆ ಹೋಗಿಲ್ಲ. 2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟಿನ ಪೀಠವೊಂದು ದೆಹಲಿಯ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯತಾಣಗಳಲ್ಲಿ ಇಡಬೇಕೆಂದಾಗ ಚೆನ್ನೈಯ ವಾಟ್ಸ್ಯಾಪ್ ಗುಂಪುಗಳಲ್ಲಿ ಹಬ್ಬ. ಹನ್ನೊಂದೇ ದಿನಗಳಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ತಿದ್ದಿತು: ರೇಬಿಸ್ ತಗುಲಿದವು, ಆಕ್ರಮಣ ಮಾಡುವವು ಹೊರತು ಉಳಿದವನ್ನು ಸಂತಾನಹರಣ ಮಾಡಿ, ಲಸಿಕೆ ಹಾಕಿ, ಹಿಡಿದಲ್ಲಿಗೇ ಬಿಡಬೇಕು. ಆಗ ಅದೇ ಗುಂಪುಗಳಲ್ಲಿ ಸೂತಕ. ಭಯ ಸಣ್ಣವರದ್ದಾಗಿದ್ದಾಗ ಅದನ್ನು ಕೇಳುವವರಿರಲಿಲ್ಲ. ದೊಡ್ಡವರು ಎತ್ತಿಕೊಂಡಾಗ ಅದೇ ಭಯ ಬಲೆಯ ವ್ಯಾನಾಗಿ ಬರುತ್ತದೆ.

ಮಹಾಭಾರತ ನಾಯಿಯೊಂದಿಗೆ ಮುಗಿಯುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಅದು ಶುರುವಾಗುವುದೂ ಒಂದು ನಾಯಿಯಿಂದ ಎಂಬುದು ಅಷ್ಟಾಗಿ ನೆನಪಿರುವುದಿಲ್ಲ. ಆದಿಪರ್ವದಲ್ಲಿ ಜನಮೇಜಯನ ಸತ್ರ ನಡೆಯುತ್ತಿರುವಾಗ ನಾಯಿಮರಿಯೊಂದು ಅಲ್ಲಿಗೆ ಬರುತ್ತದೆ. ರಾಜನ ತಮ್ಮಂದಿರು ಅದನ್ನು ಹೊಡೆದಟ್ಟುತ್ತಾರೆ. ಮರಿ ಅಳುತ್ತ ತಾಯಿ ಸರಮೆಯ ಬಳಿ ಹೋಗುತ್ತದೆ. ನೀನು ಏನೋ ಮಾಡಿರಬೇಕು ಎನ್ನುತ್ತಾಳೆ ತಾಯಿ. ಏನೂ ಮಾಡಲಿಲ್ಲ, ಹವಿಸ್ಸನ್ನು ನೆಕ್ಕಲಿಲ್ಲ, ಅದರ ಕಡೆ ನೋಡಲೂ ಇಲ್ಲ ಎನ್ನುತ್ತದೆ ಮರಿ. ಸರಮೆ ನೇರವಾಗಿ ಯಜ್ಞಶಾಲೆಗೆ ಬಂದು, ಏನೂ ಮಾಡದ ನನ್ನ ಮಗನನ್ನು ಏಕೆ ಹೊಡೆದಿರಿ ಎಂದು ಕೇಳುತ್ತಾಳೆ. ಯಾರೂ ಉತ್ತರ ಕೊಡುವುದಿಲ್ಲ. ಆಗ ಅವಳು ಕೊಡುವ ಶಾಪ: ಎಲ್ಲಿಂದಲೋ, ಎಣಿಸಿರದ ಭಯ ನಿಮಗೆ ಬರಲಿ.

'ಏನೂ ಮಾಡಿಲ್ಲ' ಎಂಬುದು ಇಲ್ಲಿ ಬಡಿಸಿಕೊಂಡವರ ಮಾತು. ಬಲ್ಲಿದರ ಮುಂದೆ ನಿಂತು ನ್ಯಾಯ ಕೇಳುವ ತಾಯಿಯ ಮಾತು. ಕೆರೆಯ ಏರಿಯ ಮೇಲೆ ಅದೇ ಮಾತನ್ನು ಸರಪಳಿ ಹಿಡಿದವರು, ಕೆಲಸಕ್ಕೆ ಹೊರಟವಳಿಗೆ ಹೇಳುತ್ತಾರೆ. ಕೆಳಗಿನಿಂದ ಮೇಲಕ್ಕೆ ಹೋದಾಗ ದೂರಾಗಿದ್ದದ್ದು ಮೇಲಿನಿಂದ ಕೆಳಕ್ಕೆ ಬರುವಾಗ ಅಪ್ಪಣೆಯಾಗುತ್ತದೆ: ಹೆದರಬೇಡ, ಮುಂದೆ ಹೋಗು. ಹೊಡೆಯಲು ಕಲ್ಲೆತ್ತಿದವನಿಗೆ ನಾಯಿಯ ಪರವಾಗಿ ಇದೇ ಮಾತು ಹೇಳಿದರೆ ಅದು ಸರಮೆಯ ಮಾತು. ಬೆದರಿ ನಿಂತವಳಿಗೆ ಹೇಳಿದರೆ ಅಲ್ಲ. ಮಾತಿನ ನಿಜ ಸುಳ್ಳು ನಾಯಿಯ ಮೇಲೆ ನಿಂತಿದೆ. ನ್ಯಾಯ ಅನ್ಯಾಯ ಯಾರು ಯಾರಿಗೆ ಹೇಳಿದರು ಎಂಬುದರ ಮೇಲೆ.

ಮನುಷ್ಯರೊಂದಿಗಾದರೆ ಈ ಮಾತನ್ನಾದರೂ ಆಡಬಹುದು. ಕೆರೆಯ ನಿಜವಾದ ನಿವಾಸಿಗಳಿಗೆ ಹೇಳುವುದು ಹೇಗೆ? ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಕೆರೆಯಂಚಿನ ಬಯಲಲ್ಲಿ ಟಿಟ್ಟಿಭಗಳು ಮೊಟ್ಟೆಯಿಡುತ್ತವೆ. ಗೂಡೆಂದು ಕರೆಯುವಂಥದ್ದೇನೂ ಇಲ್ಲ. ನೆಲದಲ್ಲೊಂದು ತಗ್ಗು, ಮಣ್ಣಿನ ಬಣ್ಣದ ನಾಲ್ಕು ಮೊಟ್ಟೆ. ಬಿಸಿಲು ಏರಿದಾಗ ತಾಯಿ ಹಕ್ಕಿ ಹೊಟ್ಟೆಯ ಗರಿಗಳನ್ನು ನೀರಲ್ಲಿ ನೆನೆಸಿಕೊಂಡು ಬಂದು ಮೊಟ್ಟೆಗಳನ್ನು ತಂಪು ಮಾಡುತ್ತದೆ. ನಾಯಿ ಹತ್ತಿರ ಬಂದರೆ ಎದ್ದು ಕಿರುಚುತ್ತ ತಲೆಯ ಮೇಲೆ ಸುತ್ತುತ್ತದೆ. ಅಷ್ಟು ಹೊತ್ತು ಮೊಟ್ಟೆಗಳು ಬಿಸಿಲಲ್ಲಿರುತ್ತವೆ, ಕಾಗೆಯ ಕಣ್ಣಿಗೆ ಬೀಳುತ್ತವೆ. ನಾಯಿ ಅಲ್ಲಿ ಏನೂ ಮಾಡಿಲ್ಲ. ಸುಮ್ಮನೆ ಮೂಸಿಕೊಂಡು ನಡೆದಿದೆ ಅಷ್ಟೆ.

ಪೀಟರ್ ಬ್ಯಾಂಕ್ಸ್ ಮತ್ತು ಜೆಸಿಕಾ ಬ್ರಯಂಟ್ ಎಂಬ ಇಬ್ಬರು ಸಂಶೋಧಕರು ಆಸ್ಟ್ರೇಲಿಯಾದ ಸಿಡ್ನಿ ಸುತ್ತಲಿನ ಕಾಡುಪ್ರದೇಶದಲ್ಲಿ ಇದನ್ನು ಅಳೆದು 2007ರಲ್ಲಿ ಪ್ರಕಟಿಸಿದರು. ಸರಪಳಿ ಹಾಕಿದ ನಾಯಿಯೊಂದಿಗೆ ಒಬ್ಬರು ದಾರಿಯಲ್ಲಿ ನಡೆದುಹೋದರೆ ಆ ಜಾಗದಲ್ಲಿ ಕಾಣಸಿಗುವ ಹಕ್ಕಿಗಳ ಬಗೆಗಳು ಶೇಕಡಾ 35ರಷ್ಟು, ಸಂಖ್ಯೆ ಶೇಕಡಾ 41ರಷ್ಟು ಕಡಿಮೆಯಾದವು. ಮನುಷ್ಯರು ಮಾತ್ರ ನಡೆದಾಗ ಇಷ್ಟು ಆಗಲಿಲ್ಲ. ನೆಲದ ಮೇಲೆ ಬದುಕುವ ಹಕ್ಕಿಗಳು ಹೆಚ್ಚು ಬೆದರಿದವು. ನಾಯಿಗಳು ದಿನವೂ ಓಡಾಡುವ ದಾರಿಗಳಲ್ಲೂ ಹಕ್ಕಿಗಳಿಗೆ ಅದು ರೂಢಿಯಾಗಿರಲಿಲ್ಲ. ಅದು ಬೇರೆ ದೇಶದ ಕಾಡು, ನಮ್ಮದು ನಗರದ ಕೆರೆ. ಲೆಕ್ಕ ಹಾಗೇ ಇಲ್ಲಿಗೆ ಕೂಡಲಿಕ್ಕಿಲ್ಲ. ಆದರೆ ಆ ಅಧ್ಯಯನದಿಂದ ಒಂದು ವಿಷಯ ಖಚಿತವಾಗಿ ತಿಳಿಯುತ್ತದೆ. ನಾಯಿ ಕಚ್ಚಬೇಕಾಗಿಲ್ಲ, ಓಡಬೇಕಾಗಿಲ್ಲ, ಸರಪಳಿ ಬಿಚ್ಚಬೇಕಾಗಿಲ್ಲ. ಅದು ಅಲ್ಲಿರುವುದೇ ಹಕ್ಕಿಗೆ ಒಂದು ಘಟನೆ.

ಪಂಚತಂತ್ರದ ಟಿಟ್ಟಿಭದ ಮೊಟ್ಟೆಗಳನ್ನು ಸಮುದ್ರ ಒಯ್ದಾಗ ಹಕ್ಕಿಗಳೆಲ್ಲ ಸೇರಿ ಗರುಡನ ಬಳಿ ದೂರು ಕೊಟ್ಟವು. ಗರುಡ ವಿಷ್ಣುವಿಗೆ ಹೇಳಿದ. ಸಮುದ್ರ ಹೆದರಿ ಮೊಟ್ಟೆಗಳನ್ನು ತಿರುಗಿ ಕೊಟ್ಟಿತು. ಸೆಂಬಾಕ್ಕಂ ಕೆರೆಯ ಟಿಟ್ಟಿಭಕ್ಕೆ ದೂರು ಕೊಡಲು ಗರುಡ ಇಲ್ಲ. ಸರಪಳಿಯ ತುದಿಯಲ್ಲಿರುವ ನಾನೇ ಸಮುದ್ರವೂ ಆಗಿ ವಿಷ್ಣುವೂ ಆಗಬೇಕು.

ಇಂಥ ಮಾತು ಬಂದಾಗೆಲ್ಲ ನಾಯಿಪ್ರಿಯರು ಧರ್ಮರಾಯನನ್ನು ಕರೆತರುತ್ತಾರೆ. ಕನ್ನಡದಲ್ಲಿ ಆ ನಾಯಿ ಕುಮಾರವ್ಯಾಸನಲ್ಲಿ ಸಿಗುವುದಿಲ್ಲ. ಅವನು ಹತ್ತು ಪರ್ವಗಳಿಗೆ ನಿಲ್ಲಿಸಿದ. ಕೃಷ್ಣದೇವರಾಯನ ಕಾಲದಲ್ಲಿ ಉಳಿದ ಪರ್ವಗಳನ್ನು ಪೂರೈಸಿದವನು ತಿಮ್ಮಣ್ಣ ಕವಿ. ಇತ್ತೀಚೆಗೆ, 2022ರ '777 ಚಾರ್ಲಿ' ಚಿತ್ರದಲ್ಲಿ ನಾಯಿಗೆ ಹಿಮ ತೋರಿಸಲು ಉತ್ತರಕ್ಕೆ ಹೊರಟ ನಾಯಕನಿಗೂ ಧರ್ಮ ಎಂದೇ ಹೆಸರು. ಸ್ವರ್ಗದ ಬಾಗಿಲಲ್ಲಿ ಇಂದ್ರ ನಾಯಿಗೆ ಪ್ರವೇಶವಿಲ್ಲ ಎನ್ನುತ್ತಾನೆ, ನಮ್ಮ ಅಪಾರ್ಟ್‌ಮೆಂಟಿನ ಸಂಘದ ಅಧ್ಯಕ್ಷರ ಹಾಗೆ. ಯುಧಿಷ್ಠಿರ ಒಪ್ಪುವುದಿಲ್ಲ. ನಮಗೆ ಈ ಕಥೆ ಇಷ್ಟ, ಏಕೆಂದರೆ ಇದರಲ್ಲಿ ನಾಯಿ ಹಿಡಿದವನು ಗೆಲ್ಲುತ್ತಾನೆ.

ಆದರೆ ಅವನು ಇಂದ್ರನಿಗೆ ಹೇಳಿದ್ದೇನು ಎಂಬುದನ್ನು ಗಮನಿಸಬೇಕು. ಇದು ಏನೂ ಮಾಡಲ್ಲ, ಒಳಗೆ ಬಿಡು ಎಂದು ಅವನು ವಾದಿಸಲಿಲ್ಲ. ನಾಯಿಯ ಗುಣದ ಬಗ್ಗೆ ಒಂದು ಮಾತೂ ಆಡಲಿಲ್ಲ. ನಂಬಿ ಬಂದವರನ್ನು ಬಿಟ್ಟುಹೋಗುವುದು ಪಾಪ, ಆ ಪಾಪವನ್ನು ನಾನು ಮಾಡಲಾರೆ ಎಂದ. ಅವನ ವಾದ ಪೂರಾ ತನ್ನ ಬಗ್ಗೆ, ತಾನು ಏನು ಮಾಡಬಲ್ಲೆ, ಏನು ಮಾಡಲಾರೆ ಎಂಬುದರ ಬಗ್ಗೆ. ಜೊತೆಗೆ, ಅದರ ಬೆಲೆಯನ್ನೂ ಅವನೇ ಕೊಡಲು ಸಿದ್ಧನಿದ್ದ: ಸ್ವರ್ಗ ಬೇಡ ಎಂದ. ನಾಯಿಯ ಮೇಲಿನ ಪ್ರೀತಿಯ ಖರ್ಚನ್ನು ದಾರಿಯಲ್ಲಿ ಎದುರಾದವರ ಲೆಕ್ಕಕ್ಕೆ ಬರೆಯಲಿಲ್ಲ.

ನಾಯಿಯ ಬಗ್ಗೆ ಕನ್ನಡದಲ್ಲಿ ಇದಕ್ಕಿಂತ ನನಗೆ ಹತ್ತಿರವಾದ ಇನ್ನೊಂದು ಮಾತಿದೆ. ಅದು ಕಲ್ಲಿನ ಮೇಲಿದೆ. ಚೆನ್ನೈಯಿಂದ ಪಶ್ಚಿಮಕ್ಕೆ, ಅರಕ್ಕೋಣಂ ಹತ್ತಿರ ತಕ್ಕೋಲಂ ಎಂಬ ಊರಿದೆ. 949ರಲ್ಲಿ ಅಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಕಾದಿದ ಗಂಗರ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ. ಆ ಯುದ್ಧದಲ್ಲಿ ಶೌರ್ಯ ತೋರಿದ ಮಣಲೇರನಿಗೆ ಬೂತುಗ, ಮೆಚ್ಚಿದೆ, ಏನು ಬೇಕೋ ಕೇಳು ಎಂದ. ಮಣಲೇರ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಮುಂದೆ ಬೇಟೆಯೊಂದರಲ್ಲಿ ಕಾಳಿಯನ್ನು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ನಾಯಿಯೂ ಹಂದಿಯೂ ಒಟ್ಟಿಗೇ ಸತ್ತವು. ಕಾಳಿಯ ನೆನಪಿಗೆ ಇಂದಿನ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ, ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಊರ ದೊಡ್ಡ ಕೆರೆಯ ಕೆಳಗೆ ಎರಡು ಖಂಡುಗ ಭೂಮಿಯನ್ನು ದತ್ತಿ ಬಿಟ್ಟರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿಗೂ ವೀರಗಲ್ಲು ಹಾಕಿದ ನಾಡು ನಮ್ಮದು ಎಂದು ನಾವು ಹೆಮ್ಮೆಪಡುತ್ತೇವೆ.

ಹೆಮ್ಮೆಯ ಭರದಲ್ಲಿ ಶಾಸನದ ಕೊನೆಯ ಭಾಗವನ್ನು ಓದದೆ ಬಿಡುತ್ತೇವೆ. ದತ್ತಿಯನ್ನು ಕಾಯಲು ಶಾಸನಗಳು ಶಾಪ ಹಾಕುವುದು ವಾಡಿಕೆ. ಕಾಶಿಯಲ್ಲಿ ಕವಿಲೆಯನ್ನು ಕೊಂದ ಪಾಪ ಬರಲಿ ಎಂದು ಹಲವು ಶಾಸನಗಳು ಹೇಳುತ್ತವೆ. ಆತಕೂರಿನ ಕಲ್ಲು ಹೇಳುವುದು ಬೇರೆ. ಆ ಗುಡಿಯನ್ನು ನೋಡಿಕೊಳ್ಳುವ ಗೊರವ ಈ ಕಲ್ಲಿಗೆ ಪೂಜೆ ಸಲ್ಲಿಸದೆ ಉಂಡರೆ, ಆ ನಾಯಿ ಮಾಡಿದ ಪಾಪ ಅವನಿಗೆ ಬರಲಿ.

ನಾಯಿ ಮಾಡಿದ ಪಾಪ! ಅಷ್ಟು ಪ್ರೀತಿಸಿದ, ಕಲ್ಲು ನಿಲ್ಲಿಸಿ ಪೂಜೆಗೆ ಏರ್ಪಾಡು ಮಾಡಿದ ನಾಯಿಯ ಬಗ್ಗೆ, ಅದು ಏನೂ ಮಾಡಿಲ್ಲ ಎಂದು ಆ ಜನ ಹೇಳಲಿಲ್ಲ. ಪಾಪ ಮಾಡಿದೆ ಎಂದು ಒಪ್ಪಿಕೊಂಡರು. ಬೇಟೆನಾಯಿ ಎಷ್ಟು ಪ್ರಾಣ ತೆಗೆದಿರಬಹುದು ಎಂಬುದು ಅವರಿಗೆ ಗೊತ್ತಿತ್ತು. ಪ್ರೀತಿಗೂ ಲೆಕ್ಕಕ್ಕೂ ಅವರ ಮನಸ್ಸಿನಲ್ಲಿ ಜಗಳವಿರಲಿಲ್ಲ. ಆದರೆ ಆ ಪಾಪವನ್ನು ನಾಯಿಯ ಮೇಲೆ ಹೊರಿಸಿಯೂ ಬಿಡಲಿಲ್ಲ. ನಾಯಿ ಪಾಪ ಹೊರಲಾರದು, ಅದಕ್ಕೆ ನರಕವಿಲ್ಲ, ಪಶ್ಚಾತ್ತಾಪವಿಲ್ಲ. ಹಾಗಾದರೆ ಆ ಪಾಪ ಎಲ್ಲಿ ಹೋಗಬೇಕು? ನಾಯಿಯ ಹೆಸರಿನ ಭೂಮಿಯ ಅನ್ನ ಉಣ್ಣುವವನು ತನ್ನ ಕೆಲಸ ಮಾಡದಿದ್ದರೆ ಅವನಿಗೆ. ಶಾಸನ ಬರೆಸಿದವರ ಮನಸ್ಸಿನಲ್ಲಿ ಇದ್ದದ್ದು ದತ್ತಿಯ ಚಿಂತೆ ಮಾತ್ರವೇ ಇರಬಹುದು. ನನಗೆ ಮಾತ್ರ ಅದು ನಾಯಿ ಸಾಕುವವರೆಲ್ಲರಿಗೂ ಬರೆದ ಸಾಲಿನಂತೆ ಕೇಳಿಸುತ್ತದೆ. ನಾಯಿಯ ಹೆಸರಿನಲ್ಲಿ ಉಣ್ಣುವ ಗೊರವ ನಾನು. ಸಂಜೆ ಬಾಗಿಲು ತೆರೆದಾಗ ಸಿಗುವ ಆ ಕುಣಿತ, ಗೊತ್ತಿಲ್ಲದ ಊರಿನಲ್ಲಿ ನನ್ನನ್ನೇ ಊರೆಂದುಕೊಂಡ ಒಂದು ಜೀವ, ಇದೆಲ್ಲ ನನಗೆ ಬಿಟ್ಟ ದತ್ತಿ. ಉಂಡು, ಕೆಲಸ ಮಾಡದಿದ್ದರೆ ಪಾಪ ನನ್ನದು.

ಕೆಲಸವೇನೂ ದೊಡ್ಡದಲ್ಲ. ಯಾರಾದರೂ ಎದುರಾದರೆ ಸರಪಳಿಯನ್ನು ಗಿಡ್ಡ ಮಾಡಿಕೊಂಡು ನಾವಿಬ್ಬರೇ ಇಳಿಜಾರಿಗೆ ಇಳಿದು ನಿಲ್ಲುವುದು, ಅವರು ಏರಿಯ ನಡುವೆ ನಡೆದುಹೋಗಲು ಬಿಡುವುದು. ಟಿಟ್ಟಿಭ ಮೊಟ್ಟೆಯಿಡುವ ತಿಂಗಳುಗಳಲ್ಲಿ ನೀರಂಚಿಗೆ ಇಳಿಯದಿರುವುದು; ನಾಯಿ ಹೋಗಲೇಬಾರದ ಕೆಲವು ಜಾಗಗಳು ಲೋಕದಲ್ಲಿವೆ ಎಂದು ಒಪ್ಪಿಕೊಳ್ಳುವುದು. ವರ್ಷವರ್ಷ ಚುಚ್ಚುಮದ್ದು, ನಾಯಿ ಮಾಡಿದ್ದನ್ನು ಎತ್ತಲು ಕೈಚೀಲ. ಮತ್ತು ಮಾತು. "ಏನೂ ಮಾಡಲ್ಲ" ಎನ್ನುವ ಜಾಗದಲ್ಲಿ ನಾನು "ಹಿಡ್ಕೊಂಡಿದೀನಿ" ಎನ್ನುತ್ತೇನೆ, ತಮಿಳಿನಲ್ಲಿ "ಪಿಡಿಚಿರುಕ್ಕೇನ್". ವ್ಯಾಕರಣದಲ್ಲಿ ವ್ಯತ್ಯಾಸ ಸಣ್ಣದು: ಮೊದಲ ವಾಕ್ಯದ ಕರ್ತೃ ನಾಯಿ, ಎರಡನೆಯದರ ಕರ್ತೃ ನಾನು. ಮೊದಲನೆಯದು ಎದುರಿನವರ ಭಯ ಸುಳ್ಳು ಎನ್ನುತ್ತದೆ. ಎರಡನೆಯದು ಭಯದ ನಿಜ ಸುಳ್ಳಿನ ಗೊಡವೆಗೆ ಹೋಗುವುದಿಲ್ಲ. ನಿಮ್ಮ ಭಯ ನನಗೆ ಕಾಣಿಸಿದೆ ಎನ್ನುತ್ತದೆ, ನನ್ನ ಕೈ ಎಲ್ಲಿದೆ ಎಂದು ತೋರಿಸುತ್ತದೆ. ಹೆದರಿದವರು ಅದರಿಂದ ಹೆದರಿಕೆ ಬಿಟ್ಟು ನಗುತ್ತಾರೆಂದಲ್ಲ. ನಗಬೇಕಾಗಿಯೂ ಇಲ್ಲ.

ಈ ಏರ್ಪಾಡಿನಲ್ಲಿ ಒಬ್ಬನಿಗೆ ಮಾತ್ರ ನಷ್ಟ, ಅವನನ್ನು ಯಾರೂ ಕೇಳಿಲ್ಲ. ನಾಯಿಯ ಆಯಸ್ಸು ಹನ್ನೆರಡೋ ಹದಿನಾಲ್ಕೋ ವರ್ಷ. ಮೂರನೆಯ ಮಹಡಿಯ ಮನೆಯಲ್ಲಿ ದಿನವಿಡೀ ಕಾದ ಕೆಂಚನಿಗೆ ನೆಲ, ನೀರು, ಗಾಳಿ ಸಿಗುವುದು ಈ ಒಂದು ಗಂಟೆ. ಹಕ್ಕಿಗಳು ಎದ್ದ ಕಡೆಗೆ ಕಿವಿ ನಿಗುರಿಸಿ ನಿಂತಾಗ ಅವನ ಮೈಯೆಲ್ಲ ಓಟವಾಗಿರುತ್ತದೆ. ಸರಪಳಿಯ ಆ ಬಿಗಿತ ನನ್ನ ಮುಂಗೈಗೆ ತಿಳಿಯುತ್ತದೆ. ದಾಟುವವಳ ನೆಮ್ಮದಿಗೆ, ಟಿಟ್ಟಿಭದ ಮೊಟ್ಟೆಗೆ ನಾನು ಕೊಡುವ ಬೆಲೆಯ ದೊಡ್ಡ ಪಾಲು ಅವನ ಕಿಸೆಯಿಂದ ಹೋಗುತ್ತದೆ. ಇದನ್ನು ನ್ಯಾಯ ಎಂದು ಕರೆದು ಕೈ ತೊಳೆದುಕೊಳ್ಳಲು ನನಗೆ ಆಗುವುದಿಲ್ಲ. ಅವನ ಓಟ ಕೆರೆಗೆ ಬರುವವರ ಮೇಲಿನ ಸಾಲವಲ್ಲ, ನನ್ನ ಮೇಲಿನದು. ಭಾನುವಾರಗಳಲ್ಲಿ ಗೆಳೆಯರೊಬ್ಬರ ಬೇಲಿ ಹಾಕಿದ ಖಾಲಿ ಸೈಟಿಗೆ ಅವನನ್ನು ಕರೆದುಕೊಂಡು ಹೋಗಿ ಸರಪಳಿ ಬಿಚ್ಚುತ್ತೇನೆ. ಹದಿನೆಂಟು ಕಿಲೋಮೀಟರು ದೂರ, ಹೋಗಿಬರುವಷ್ಟರಲ್ಲಿ ಅರ್ಧ ದಿನ ಕಳೆಯುತ್ತದೆ. ಸಾಲ ಅಷ್ಟಕ್ಕೆ ತೀರುವುದಿಲ್ಲ, ಕಂತು ಕಟ್ಟುತ್ತಿದ್ದೇನೆ.